ರಿಪೋರ್ಟ್ ನಾರ್ಮಲ್, ನೋವು ನಿಜ

ಆರನೇ ತರಗತಿಯ ಹುಡುಗಿಗೆ ಸೋಮವಾರ ಬೆಳಿಗ್ಗೆ ಹೊಕ್ಕುಳ ಸುತ್ತ ನೋವು. ಶಾಲೆಗೆ ಹೋಗುವುದು ಬೇಡ ಎಂದಾದ ಮೇಲೆ ಹತ್ತು ಗಂಟೆಗೆಲ್ಲ ಅದು ಇಳಿದಿರುತ್ತದೆ. ಅವಳ ಅಮ್ಮನಿಗೆ ಎರಡು ವರ್ಷದಿಂದ ತಲೆಭಾರ, ಕೈಕಾಲು ಜೋಮು, ಎದೆ ಡವಡವ. ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಮುಗಿದು ಫೈಲು ದಪ್ಪವಾಗಿದೆ. ಪ್ರತಿ ಹಾಳೆಯಲ್ಲೂ ‘ನಾರ್ಮಲ್’. ಅದೇ ಮನೆಯ ಅಜ್ಜನಿಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿ ಸವೆತ ಮೂರೂ ಇವೆ. ಹೇಗಿದ್ದೀರಿ ಎಂದು ಕೇಳಿದರೆ ‘ನನಗೇನಾಗಿದೆ, ಆರಾಮಾಗಿದ್ದೀನಿ’ ಎನ್ನುತ್ತಾರೆ.

ಇಂಥ ಮನೆಯನ್ನು ನೋಡದವರಿಲ್ಲ. ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರಗಳೂ ಇವೆ: ಮಗು ಶಾಲೆ ತಪ್ಪಿಸಲು ನಾಟಕ ಆಡುತ್ತದೆ, ಅಮ್ಮನಿಗೆ ಟೆನ್ಷನ್ ಜಾಸ್ತಿ, ಅಜ್ಜನದು ಗಟ್ಟಿ ಜೀವ. ಮೂರೂ ಉತ್ತರ ಅರೆಬರೆ. ಮೊದಲನೆಯದಂತೂ ಬಹುಪಾಲು ತಪ್ಪು. ರೋಗ ಇದ್ದರೆ ನೋವು, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಆ ಲೆಕ್ಕ ತಾಳೆಯಾಗದ ಕಡೆಯೆಲ್ಲ ನೋವು ಹೇಳುವವರ ಪ್ರಾಮಾಣಿಕತೆಯನ್ನೇ ಶಂಕಿಸುತ್ತೇವೆ. ಆದರೆ ಮೈಯಲ್ಲಿ ಆಗುತ್ತಿರುವುದಕ್ಕೂ ನಮಗೆ ಅನ್ನಿಸುವುದಕ್ಕೂ ನಡುವೆ ಒಂದು ದೊಡ್ಡ ಕೆಲಸ ನಡೆಯುತ್ತದೆ. ಸ್ವಭಾವ, ಭಾವನೆ, ವಯಸ್ಸು ಮೂರೂ ಕೈಯಾಡಿಸುವುದು ಅಲ್ಲಿ.

ದೂರು ಬೇರೆ, ರೋಗ ಬೇರೆ

ಅಮೆರಿಕದ ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಒಂದು ಅಧ್ಯಯನ ಶುರುವಾಯಿತು. ಜನರಿಗೆ ಹೇಗೆ ವಯಸ್ಸಾಗುತ್ತದೆ ಎಂಬುದನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಅದು. ಮೊದಲ ಇಪ್ಪತ್ತು ವರ್ಷ ಗಂಡಸರನ್ನು ಮಾತ್ರ ಸೇರಿಸಿಕೊಂಡಿದ್ದರು, ಹೆಂಗಸರು ಬಂದದ್ದು 1978ರಲ್ಲಿ. ಅಧ್ಯಯನಕ್ಕೆ ಸೇರಿದವರಿಗೆ ಕಾರ್ನೆಲ್ ಮೆಡಿಕಲ್ ಇಂಡೆಕ್ಸ್ ಎಂಬ ಪ್ರಶ್ನೆಪತ್ರಿಕೆ ಕೊಡುತ್ತಿದ್ದರು. ಕಣ್ಣು, ಕಿವಿ, ಉಸಿರು, ಜೀರ್ಣ, ಚರ್ಮ ಎಂದು ಅಡಿಯಿಂದ ಮುಡಿಯವರೆಗೆ 195 ಪ್ರಶ್ನೆಗಳು; ಉತ್ತರ ಹೌದು ಅಥವಾ ಇಲ್ಲ.

ಪಾಲ್ ಕೋಸ್ಟಾ, ರಾಬರ್ಟ್ ಮೆಕ್ರೇ ಎಂಬ ಮನೋವಿಜ್ಞಾನಿಗಳು ಈ ಉತ್ತರಗಳನ್ನು ಅದೇ ಜನರ ಸ್ವಭಾವ ಪರೀಕ್ಷೆಯ ಜೊತೆ ಇಟ್ಟು ನೋಡಿದರು. 1980ರಲ್ಲಿ ಅವರು ಪ್ರಕಟಿಸಿದ್ದರಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ವಯಸ್ಸಾದಂತೆ ದೂರುಗಳು ಹೆಚ್ಚಿದ್ದು ಕೆಲವೇ ಕಡೆ: ಕಣ್ಣು–ಕಿವಿ, ಹೃದಯ–ರಕ್ತನಾಳ, ಮೂತ್ರ. ಅಂದರೆ ವಯಸ್ಸು ನಿಜಕ್ಕೂ ಸವೆಸುವ ಜಾಗಗಳಲ್ಲಿ. ಮುದುಕರು ಸುಮ್ಮಸುಮ್ಮನೆ ನರಳುತ್ತಾರೆ ಎಂಬ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ. ಆದರೆ ಒಂದು ಗುಣ ಹೆಚ್ಚುಕಡಿಮೆ ಎಲ್ಲ ಬಗೆಯ ದೂರುಗಳಿಗೂ ಅಂಟಿಕೊಂಡಿತ್ತು, ಅದೂ ವಯಸ್ಸಿನ ಭೇದವಿಲ್ಲದೆ. ಬೇಗ ಆತಂಕಪಡುವುದು, ಸಣ್ಣದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದು, ಬೇಸರ ಸಿಟ್ಟುಗಳು ಸುಲಭವಾಗಿ ಏಳುವುದು ಆ ಗುಣದ ಚಹರೆ. ಮನೋವಿಜ್ಞಾನದವರು ನ್ಯೂರಾಟಿಸಿಸಂ ಎನ್ನುತ್ತಾರೆ. ನಾವು ಕಳವಳದ ಸ್ವಭಾವ ಎನ್ನೋಣ. ಇದು ಕಾಯಿಲೆಯಲ್ಲ. ಎಲ್ಲರಲ್ಲೂ ಒಂದಿಷ್ಟು ಇರುತ್ತದೆ, ಕೆಲವರಲ್ಲಿ ಹೆಚ್ಚು.

ಎದೆನೋವಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಕಳವಳದ ಸ್ವಭಾವದವರು ಎದೆನೋವನ್ನು ಹೆಚ್ಚಾಗಿ ಹೇಳಿಕೊಂಡರು. ಆದರೆ ಹೃದಯಾಘಾತ, ಹೃದಯ ಕಾಯಿಲೆಯ ಸಾವು ಇಂಥ ಗಟ್ಟಿ ಲೆಕ್ಕಗಳಲ್ಲಿ ಅವರು ಬೇರೆಯವರಿಗಿಂತ ಮುಂದಿರಲಿಲ್ಲ. 1989ರಲ್ಲಿ ಡೇವಿಡ್ ವಾಟ್ಸನ್ ಮತ್ತು ಜೇಮ್ಸ್ ಪೆನ್ನೆಬೇಕರ್ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ ಇದೇ ತೀರ್ಮಾನಕ್ಕೆ ಬಂದರು: ಸ್ವಭಾವವು ದೂರುಗಳನ್ನು ಚೆನ್ನಾಗಿ ಮುನ್ಸೂಚಿಸುತ್ತದೆ, ರಕ್ತದೊತ್ತಡದಂಥ ಅಳೆಯಬಹುದಾದ ಸಂಗತಿಗಳನ್ನು ಅಷ್ಟಾಗಿ ಮುನ್ಸೂಚಿಸುವುದಿಲ್ಲ.

ಅದೇ ವರ್ಷ ಕರ್ಟ್ ಕ್ರೋಂಕೆ ಎಂಬ ಅಮೆರಿಕದ ವೈದ್ಯರು ಸಾವಿರ ಹೊರರೋಗಿಗಳ ಮೂರು ವರ್ಷದ ದಾಖಲೆ ತೆಗೆದು, ತಲೆನೋವು, ಸುಸ್ತು, ತಲೆಸುತ್ತು, ಬೆನ್ನುನೋವು, ಎದೆನೋವು ಮುಂತಾದ ಹದಿನಾಲ್ಕು ಸಾಮಾನ್ಯ ದೂರುಗಳನ್ನು ಹಿಂಬಾಲಿಸಿದರು. ದೇಹದಲ್ಲಿ ಇಂಥದೇ ಎಂದು ಬೊಟ್ಟು ಮಾಡಬಹುದಾದ ಕಾರಣ ಸಿಕ್ಕಿದ್ದು ಶೇ 16ರಷ್ಟು ದೂರುಗಳಿಗೆ. ಫೈಲು ದಪ್ಪವಾದ ಅಮ್ಮನದು ಅಪರೂಪದ ಪ್ರಕರಣ ಅಲ್ಲವೇ ಅಲ್ಲ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರ ಕತೆ ಅದೇ.

ನೆಗಡಿಯನ್ನು ತೂಗಿದವರು

ಇಲ್ಲೊಂದು ತೊಡಕಿದೆ. ಪರೀಕ್ಷೆಯಲ್ಲಿ ಸಿಗದ್ದನ್ನು ಇಲ್ಲ ಎಂದುಬಿಡುವುದು ಹೇಗೆ? ಪರೀಕ್ಷೆಯೇ ಒರಟಾಗಿರಬಹುದು. ಇದನ್ನು ಬಗೆಹರಿಸಬೇಕಾದರೆ ಎಲ್ಲರಿಗೂ ಒಂದೇ ರೋಗವನ್ನು ಬೇಕೆಂದೇ ಅಂಟಿಸಿ, ಮೈಯಲ್ಲಿ ಆಗಿದ್ದೆಷ್ಟು, ಅವರು ಹೇಳಿಕೊಂಡಿದ್ದೆಷ್ಟು ಎಂದು ಎರಡನ್ನೂ ಅಳೆಯಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಅವರು ಆರಿಸಿಕೊಂಡ ರೋಗ ನೆಗಡಿ.

18ರಿಂದ 54 ವರ್ಷದ 334 ಆರೋಗ್ಯವಂತರು ಒಪ್ಪಿ ಬಂದರು. ಮೊದಲು ಹಲವು ಸಂಜೆ ಅವರಿಗೆ ಫೋನ್ ಮಾಡಿ, ಇವತ್ತು ಎಷ್ಟು ಖುಷಿಯಾಗಿದ್ದಿರಿ, ಎಷ್ಟು ನಿರಾಳವಾಗಿದ್ದಿರಿ, ಎಷ್ಟು ಸಿಟ್ಟು ಬಂದಿತ್ತು ಎಂದೆಲ್ಲ ಕೇಳಿ, ಒಬ್ಬೊಬ್ಬರ ದಿನನಿತ್ಯದ ಭಾವದ ಧಾಟಿಯನ್ನು ಬರೆದಿಟ್ಟುಕೊಂಡರು. ಆಮೇಲೆ ಅವರ ಮೂಗಿಗೆ ನೆಗಡಿಯ ವೈರಸ್ ಇದ್ದ ಹನಿಗಳನ್ನು ಬಿಟ್ಟು, ಹೊರಗಿನವರ ಸಂಪರ್ಕವಿಲ್ಲದಂತೆ ಪ್ರತ್ಯೇಕವಾಗಿ ಇರಿಸಿದರು.

ಅಳತೆಯ ವಿಧಾನ ನೋಡಿ. ಮೂಗು ಒರೆಸಿದ ಪ್ರತಿ ಕಾಗದವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಬೇಕು. ಸಂಶೋಧಕರು ಆ ಚೀಲವನ್ನು ತಕ್ಕಡಿಗೆ ಹಾಕಿ, ಕಾಗದದ ತೂಕ ಕಳೆದು, ಸಿಂಬಳ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತಿದ್ದರು. ಮೂಗಿನ ಮುಂಭಾಗಕ್ಕೆ ಬಣ್ಣವಿರುವ ಸಿಹಿ ದ್ರಾವಣ ಹಾಕಿ, ಅದು ಗಂಟಲ ಹಿಂಬದಿಗೆ ತಲುಪಲು ಎಷ್ಟು ನಿಮಿಷ ಬೇಕೆಂದು ನೋಡುತ್ತಿದ್ದರು. ಮೂಗು ಕಟ್ಟಿದಷ್ಟೂ ತಡ. ವೈರಸ್ ನಿಜವಾಗಿಯೂ ಮೈಯಲ್ಲಿ ಬೆಳೆಯುತ್ತಿದೆಯೇ ಎಂಬ ಪರೀಕ್ಷೆ ಬೇರೆ. ಇವೆಲ್ಲದರ ಜೊತೆಗೆ ದಿನವೂ ಕೇಳುವ ಪ್ರಶ್ನೆ: ಇವತ್ತು ಮೂಗು, ಗಂಟಲು, ತಲೆ ಹೇಗಿದೆ?

ಫಲಿತಾಂಶ 2003ರಲ್ಲಿ ಬಂತು. ಖುಷಿ, ನಿರಾಳ ಹೆಚ್ಚಿದ್ದವರಿಗೆ ನೆಗಡಿ ಹಿಡಿದದ್ದೇ ಕಡಿಮೆ. ಬೇಸರ, ಸಿಟ್ಟು, ಆತಂಕ ಹೆಚ್ಚಿದ್ದವರಿಗೆ ನೆಗಡಿ ಹೆಚ್ಚಾಗಿ ಹಿಡಿಯಲಿಲ್ಲ. ಆದರೆ ಅವರು ಹೇಳಿಕೊಂಡ ತೊಂದರೆ, ತಕ್ಕಡಿ ಹೇಳಿದ್ದಕ್ಕಿಂತ ಜಾಸ್ತಿ ಇತ್ತು. ಖುಷಿ ಸ್ವಭಾವದವರು ಹೇಳಿಕೊಂಡದ್ದು ತಕ್ಕಡಿ ಹೇಳಿದ್ದಕ್ಕಿಂತ ಕಡಿಮೆ. ಅಂದರೆ ವಾಲಿಕೆ ಎರಡೂ ಕಡೆಗಿದೆ. ದೂರುವವರು ಮಾತ್ರ ತಪ್ಪು ಅಳತೆ ಕೊಡುತ್ತಾರೆ, ಮಿಕ್ಕವರದು ಸರಿಯಾದ ಅಳತೆ ಎಂದೇನೂ ಇಲ್ಲ.

ಭಾವನೆ ದೇಹವನ್ನು ನೇರವಾಗಿ ಮುಟ್ಟುವುದೇ ಇಲ್ಲ ಎಂದು ಇದರಿಂದ ತಿಳಿಯಬಾರದು. ಇದೇ ಕೊಹೆನ್ ಬ್ರಿಟನ್ನಿನ 394 ಸ್ವಯಂಸೇವಕರ ಮೇಲೆ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾನಸಿಕ ಒತ್ತಡ ಹೆಚ್ಚಿದಂತೆ ನೆಗಡಿ ಹಿಡಿಯುವ ಪ್ರಮಾಣವೂ ಶೇ 27ರಿಂದ ಶೇ 47ರವರೆಗೆ ಏರಿತ್ತು. 1990ರಲ್ಲಿ ಜಪಾನಿನ ವೈದ್ಯರು ಮೊದಲು ವಿವರಿಸಿದ ಟಾಕೋಟ್ಸುಬೊ ಎಂಬ ಹೃದಯದ ತೊಂದರೆ ಇದಕ್ಕಿಂತ ತೀವ್ರ. ಹತ್ತಿರದವರ ಸಾವಿನಂಥ ಆಘಾತದ ಬೆನ್ನಿಗೆ ಹೃದಯದ ಎಡ ಕೆಳಕೋಣೆ ಊದಿಕೊಂಡು, ಹೃದಯಾಘಾತವೇ ಆದಂತೆ ಕಾಣುತ್ತದೆ. ರಕ್ತನಾಳದಲ್ಲಿ ಮಾತ್ರ ಅದಕ್ಕೆ ಕಾರಣವಾಗುವ ತಡೆ ಇರುವುದಿಲ್ಲ. ಬಹುತೇಕರು ಮುಟ್ಟು ನಿಂತ ಹೆಂಗಸರು. ಹೆಚ್ಚಿನವರ ಹೃದಯ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಭಾವನೆಯ ಕೈ ದೇಹದ ಮೇಲೂ ಇದೆ, ದೇಹದ ಸುದ್ದಿಯ ಮೇಲೂ ಇದೆ. ಎರಡನೆಯದು ನಾವು ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದು.

ಮಾಳದ ಮೇಲಿನ ಕಾವಲು

ಮಲೆನಾಡಿನಲ್ಲಿ ಭತ್ತ ತೆನೆಗಟ್ಟುವ ಹೊತ್ತಿಗೆ ಗದ್ದೆಯಂಚಿನ ಮಾಳದಲ್ಲಿ ರಾತ್ರಿಯಿಡೀ ಕಾವಲು ಕೂರುತ್ತಾರೆ. ಕೂತವನಿಗೆ ಏನೂ ಕಾಣುವುದಿಲ್ಲ. ಬರುವುದು ಸದ್ದು ಮಾತ್ರ. ಒಂದು ಸರಬರ ಕೇಳಿದರೆ ಅದು ಗಾಳಿಯೋ, ಕಪ್ಪೆಯೋ, ಕಾಡುಹಂದಿಯೋ ಎಂದು ಕೂತಲ್ಲೇ ಊಹಿಸಬೇಕು. ನಿನ್ನೆ ಪಕ್ಕದ ಗದ್ದೆಗೆ ಹಂದಿ ನುಗ್ಗಿದ್ದರೆ ಇವತ್ತು ಗಾಳಿಯ ಸದ್ದೂ ಹಂದಿಯಂತೆ ಕೇಳುತ್ತದೆ. ಅವನು ಸುಳ್ಳು ಕೇಳಿಸಿಕೊಳ್ಳುತ್ತಿಲ್ಲ. ಸದ್ದು ನಿಜ. ಸದ್ದಿಗೆ ಅರ್ಥ ಕೊಟ್ಟದ್ದು ಊಹೆ.

ಮಿದುಳಿನ ಸ್ಥಿತಿ ಇದಕ್ಕಿಂತ ಭಿನ್ನವಲ್ಲ. ಹೊಟ್ಟೆಯೊಳಗೆ, ಎದೆಯೊಳಗೆ ಏನಾಗುತ್ತಿದೆ ಎಂದು ಅದು ನೇರವಾಗಿ ನೋಡಲಾರದು. ಕರುಳು, ಹೃದಯ, ಶ್ವಾಸಕೋಶಗಳಿಂದ ಸಂಕೇತಗಳು ಬರುತ್ತಲೇ ಇರುತ್ತವೆ. ಒಳಾಂಗಗಳನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಈ ಸುದ್ದಿ ಮಸುಕು. ಅದೇ ಎದೆಬಡಿತ ಮೆಟ್ಟಿಲು ಹತ್ತಿದ್ದಕ್ಕೂ ಆಗಬಹುದು, ಭಯಕ್ಕೂ ಆಗಬಹುದು, ಕಾಯಿಲೆಗೂ ಆಗಬಹುದು. ಆದ್ದರಿಂದ ಮಿದುಳು ಸಂಕೇತ ಬರುವ ಮೊದಲೇ ಏನು ಬರಬಹುದೆಂದು ಊಹೆ ಕಟ್ಟಿಕೊಂಡಿರುತ್ತದೆ. ಬಂದ ಸಂಕೇತವನ್ನು ಅದರೊಡನೆ ಹೋಲಿಸಿ ಒಂದು ತೀರ್ಮಾನಕ್ಕೆ ಬರುತ್ತದೆ. ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಈ ಕೆಲಸದಲ್ಲಿ ದೊಡ್ಡ ಪಾತ್ರ. ಕೊನೆಗೆ ನಮಗೆ ನೋವು, ಸುಸ್ತು, ಸಂಕಟ ಎಂದು ಅನ್ನಿಸುವುದು ಆ ತೀರ್ಮಾನ. ಈ ಒಳಮೈ ಅರಿವಿನಲ್ಲಿ ಸಂಕೇತ ಎಷ್ಟು, ಊಹೆ ಎಷ್ಟು ಎಂದು ಅನುಭವಿಸುವವರಿಗೆ ಬಿಡಿಸಿ ಹೇಳಲು ಬರುವುದಿಲ್ಲ. ವಾತಕ್ಕೆ ಊದಿದ ಮಂಡಿಯ ನೋವೂ, ರಿಪೋರ್ಟಿನಲ್ಲಿ ಏನೂ ಕಾಣದ ನೋವೂ ಇದೇ ದಾರಿಯಲ್ಲಿ ಹುಟ್ಟುತ್ತವೆ.

ಕಾವಲುಗಾರನ ಮುಂದೆ ಎರಡು ಬಗೆಯ ತಪ್ಪುಗಳಿವೆ. ಹಂದಿ ಬಂದಾಗ ಸುಮ್ಮನಿದ್ದರೆ ಪೈರು ಹೋಯಿತು. ಗಾಳಿಗೆ ಕೂಗಿದರೆ ನಿದ್ದೆ ಹೋಯಿತು, ಅಷ್ಟೇ. ಕಳವಳದ ಸ್ವಭಾವ ಎಂದರೆ ಮೊದಲ ತಪ್ಪನ್ನು ಯಾವ ಬೆಲೆ ತೆತ್ತಾದರೂ ತಪ್ಪಿಸಬೇಕೆಂದು ಹೊರಟ ಕಾವಲು. ಸಣ್ಣ ಸದ್ದಿಗೂ ಅದು ಏಳುತ್ತದೆ, ಅಪಾಯದ ಅರ್ಥವನ್ನೇ ಮೊದಲು ಹಚ್ಚುತ್ತದೆ. ಕೂಗಿದಾಗಲೆಲ್ಲ ಅಡ್ರಿನಲಿನ್ ಹರಿದು ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಚುರುಕಾಗುತ್ತದೆ. ಇವು ಹೊಸ ಸಂಕೇತಗಳಾಗಿ ಮೇಲಕ್ಕೆ ಹೋಗಿ, ಕಾವಲಿಗೆ ಇನ್ನಷ್ಟು ಸದ್ದು ಕೇಳಿಸುತ್ತದೆ. ಈ ಸುತ್ತು ತಿಂಗಳುಗಟ್ಟಲೆ ತಿರುಗಬಹುದು.

ಹೊರಗಡೆ ಗಮನ ಸೆಳೆಯುವಂಥದ್ದು ಇಲ್ಲದಾಗ ಒಳಗಿನ ಸದ್ದು ಇನ್ನೂ ಜೋರು. ಪೆನ್ನೆಬೇಕರ್ ಸಿನಿಮಾ ನೋಡುವವರ ಕೆಮ್ಮನ್ನು ಎಣಿಸಿದರು: ಬೇಸರದ ದೃಶ್ಯ ಬಂದಾಗ ಕೆಮ್ಮು ಹೆಚ್ಚು, ಕುತೂಹಲದ ದೃಶ್ಯದಲ್ಲಿ ಕಡಿಮೆ. ಓಡುವವರನ್ನು ಒಮ್ಮೆ ವೃತ್ತಾಕಾರದ ಟ್ರ್ಯಾಕಿನಲ್ಲಿ, ಒಮ್ಮೆ ಮರಗಿಡಗಳ ನಡುವಿನ ದಾರಿಯಲ್ಲಿ ಅಷ್ಟೇ ದೂರ, 1,800 ಮೀಟರ್, ಓಡಿಸಿದರು. ಮರಗಿಡಗಳ ನಡುವೆ ಜನ ಹೆಚ್ಚು ವೇಗವಾಗಿ ಓಡಿದರು. ಆದರೂ ಆಯಾಸ ಹೆಚ್ಚಾಯಿತು ಎನ್ನಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಹಲ್ಲುನೋವು ಏಕೆ ಜೋರಾಗುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಊಹೆಯ ಬಲ ಎಷ್ಟೆಂದು ತೋರಿಸಿದ್ದು ಲಂಡನ್ನಿನ ಸ್ಯಾಮ್ಸನ್ ಪ್ರಯೋಗ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವಿನಂಥ ತೊಂದರೆ ಬಂತೆಂದು ಅದನ್ನು ಬಿಟ್ಟಿದ್ದ 60 ಮಂದಿ ಅದರಲ್ಲಿದ್ದರು. ಒಂದು ವರ್ಷದಲ್ಲಿ ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ನೋಡಲು ಅದೇ ಥರ ಇರುವ ಬರಿ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ. ಯಾವ ತಿಂಗಳು ಯಾವ ಮಾತ್ರೆ ಎಂದು ಅವರಿಗೆ ಹೇಳಲಿಲ್ಲ. ದಿನವೂ ತಮ್ಮ ತೊಂದರೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ 8. ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3. ಬರಿ ಮಾತ್ರೆಯ ತಿಂಗಳುಗಳಲ್ಲಿ 15.4. ತೊಂದರೆಯ ಬಹುಪಾಲು ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ನಿರೀಕ್ಷೆಯಿಂದ. ಅವರ ನೋವು ನಟನೆಯಾಗಿರಲಿಲ್ಲ, ನೋವು ತಾಳಲಾರದೆ ಕೆಲವರು ತಿಂಗಳ ನಡುವೆಯೇ ಮಾತ್ರೆ ನಿಲ್ಲಿಸಿದ್ದರು. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಜನ ಸ್ಟ್ಯಾಟಿನ್‌ಗೆ ಮರಳಿದರು.

ಸೋಮವಾರದ ಹೊಟ್ಟೆನೋವು

ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ವೈದ್ಯ ಜಾನ್ ಆಪ್ಲಿ 1958ರಲ್ಲಿ ಸಾವಿರ ಶಾಲಾಮಕ್ಕಳ ಸಮೀಕ್ಷೆ ಪ್ರಕಟಿಸಿದರು. ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಬರುವ, ಆಟಪಾಠ ನಿಲ್ಲಿಸುವಷ್ಟು ಹೊಟ್ಟೆನೋವು ಇತ್ತು. ಹೊಟ್ಟೆಯೊಳಗೆ ಇಂಥದೇ ರೋಗ ಎಂದು ತೋರಿಸಲು ಆದದ್ದು ಬಹಳ ಕಡಿಮೆ ಮಕ್ಕಳಲ್ಲಿ. ನೋವು ಹೊಕ್ಕುಳಿಂದ ದೂರವಾದಷ್ಟೂ ರೋಗವಿರುವ ಸಂಭವ ಹೆಚ್ಚು ಎಂದು ಅವರು ಹೇಳಿದ ಸೂತ್ರವನ್ನು ಮಕ್ಕಳ ವೈದ್ಯರು ಇಂದಿಗೂ ನೆನೆಯುತ್ತಾರೆ.

ಮಗುವಿಗೆ ಆತಂಕವನ್ನು ಆತಂಕ ಎಂದು ಹೇಳಲು ಮಾತಿಲ್ಲ. ಕರುಳಿಗೆ ಮಾತ್ರ ಆತಂಕ ತಲುಪಿರುತ್ತದೆ. ಗಣಿತದ ಟೆಸ್ಟು ಇರುವ ಬೆಳಿಗ್ಗೆ ಮಗುವಿನ ಕರುಳು ನಿಜಕ್ಕೂ ಹಿಂಡುತ್ತಿರುತ್ತದೆ, ಜಠರ ನಿಜಕ್ಕೂ ನಿಧಾನವಾಗಿರುತ್ತದೆ, ಅದಕ್ಕೇ ತಿಂಡಿ ಸೇರುವುದಿಲ್ಲ. ಹತ್ತು ಗಂಟೆಗೆ ನೋವು ಹೋಗುವುದು ಭಯ ಇಳಿದದ್ದರಿಂದ. ಇದನ್ನು ನಾಟಕ ಎನ್ನುವವರು ಮಗುವಿಗೆ ದೊಡ್ಡ ಅನ್ಯಾಯ ಮಾಡುತ್ತಾರೆ. ತನ್ನ ಮೈಯ ಸುದ್ದಿಯನ್ನು ದೊಡ್ಡವರು ನಂಬುವುದಿಲ್ಲ ಎಂದು ಅದು ಕಲಿಯುತ್ತದೆ.

ಹಾಗಾದರೆ ಹತ್ತಿರ ಕೂತು ಎಲ್ಲಿ ನೋವು, ಎಷ್ಟು ನೋವು, ಈಗ ಹೇಗಿದೆ ಎಂದು ಕೇಳುತ್ತಿರಬೇಕೆ? ಅಮೆರಿಕದ ಲಿನ್ ವಾಕರ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪರೀಕ್ಷಿಸಿದರು. ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿದರು. ಹೊಟ್ಟೆ ಬಿಗಿದು ತುಸು ಸಂಕಟ ಎಲ್ಲರಿಗೂ ಆಗುತ್ತದೆ. ಆಮೇಲೆ ಕೆಲವರ ತಂದೆ–ತಾಯಂದಿರಿಗೆ ಮಗುವಿನ ಹೊಟ್ಟೆಯ ಬಗ್ಗೆಯೇ ಕಾಳಜಿಯಿಂದ ವಿಚಾರಿಸುತ್ತಿರಿ ಎಂದರು. ಇನ್ನು ಕೆಲವರಿಗೆ ಬೇರೆ ಮಾತಿನತ್ತ ತಿರುಗಿಸಿ ಎಂದರು. ಉಳಿದವರಿಗೆ ಏನೂ ಹೇಳಲಿಲ್ಲ. ಏನೂ ಹೇಳದವರ ಮಕ್ಕಳಿಗೆ ಹೋಲಿಸಿದರೆ, ವಿಚಾರಿಸುತ್ತಿದ್ದವರ ಮಕ್ಕಳ ದೂರು ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಮಾತು ತಿರುಗಿಸಿದವರ ಮಕ್ಕಳದು ಅರ್ಧಕ್ಕಿಳಿಯಿತು. ಮನಸ್ಸಿಗೆ ತಟ್ಟುವ ಸಂಗತಿ ಇನ್ನೊಂದಿದೆ. ಹೊಟ್ಟೆನೋವಿನ ಮಕ್ಕಳು ಮಾತು ತಿರುಗಿಸಿದ್ದರಿಂದ ತಮಗೆ ಹಾಯೆನಿಸಿತು ಎಂದರು. ಅವರ ಹೆತ್ತವರಿಗೆ ಮಾತ್ರ ಹಾಗೆ ಮಾಡಿದರೆ ಮಗುವಿಗೆ ಕೆಟ್ಟದಾದೀತು ಎಂದೇ ಅನ್ನಿಸಿತ್ತು.

ನಂಬುವುದು ಬೇರೆ, ಬೆದಕುವುದು ಬೇರೆ. ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಬಿಡದ ವಾಂತಿ, ಜ್ವರ, ಪಕ್ಕೆಗೆ ಸರಿದ ನೋವು ಇದ್ದರೆ ವೈದ್ಯರ ಬಳಿ ತಡಮಾಡದೆ ಹೋಗಬೇಕು. ಇವು ಯಾವುವೂ ಇಲ್ಲವೆಂದು ಒಮ್ಮೆ ಖಚಿತವಾದ ಮೇಲೆ ಹೊಟ್ಟೆಗಿಂತ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸುವುದು ಹೆಚ್ಚು ಉಪಯೋಗ.

ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಕೇಳಿದ್ದು

ಭಾರತೀಯರು ಮನಸ್ಸಿನ ನೋವನ್ನು ಮೈಯ ಭಾಷೆಯಲ್ಲಿ ಹೇಳುತ್ತಾರೆ, ಪಶ್ಚಿಮದವರು ನೇರವಾಗಿ ಹೇಳುತ್ತಾರೆ ಎಂಬುದು ಬಹುಕಾಲದ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ಸಾಮಾನ್ಯ ಕ್ಲಿನಿಕ್ಕುಗಳಿಗೆ ಬರುವವರ ಅಧ್ಯಯನ ಮಾಡಿಸಿತು. ಅದರಲ್ಲಿ ಬೆಂಗಳೂರೂ ಒಂದು ಕೇಂದ್ರ. 1999ರಲ್ಲಿ ಗ್ರೆಗರಿ ಸೈಮನ್ ಮತ್ತಿತರರು ಈ ಮಾಹಿತಿಯಿಂದ ಖಿನ್ನತೆ ಇದ್ದ 1,146 ಮಂದಿಯನ್ನು ಆರಿಸಿ ನೋಡಿದರು. ಶೇ 69 ಮಂದಿ ವೈದ್ಯರಿಗೆ ಹೇಳಿದ್ದು ಮೈಯ ದೂರುಗಳನ್ನು ಮಾತ್ರ. ಪೂರ್ವ, ಪಶ್ಚಿಮ ಎರಡರಲ್ಲೂ ಇದು ಸಾಮಾನ್ಯವಾಗಿತ್ತು. ಆದರೆ ಎದುರು ಕೂತು ಮನಸ್ಸು ಹೇಗಿದೆ, ಬೇಸರವೇ, ಯಾವುದರಲ್ಲೂ ಆಸಕ್ತಿ ಇಲ್ಲವೇ ಎಂದು ನೇರವಾಗಿ ಕೇಳಿದಾಗ ಇಲ್ಲ ಎಂದವರು ಶೇ 11 ಮಾತ್ರ. ಉಳಿದವರೆಲ್ಲ ಹೌದೆಂದರು.

ಅಂದರೆ ಅವರಿಗೆ ತಮ್ಮ ದುಃಖ ಗೊತ್ತಿತ್ತು, ಕೇಳಿದವರಿರಲಿಲ್ಲ. ಒಬ್ಬ ವೈದ್ಯರ ಬಳಿಯೇ ವರ್ಷಗಟ್ಟಲೆ ಹೋಗುವ ರೂಢಿ ಇಲ್ಲದ ಕೇಂದ್ರಗಳಲ್ಲಿ ಮೈಯ ದೂರನ್ನಷ್ಟೇ ಹೇಳುವವರು ಹೆಚ್ಚಿದ್ದರು ಎಂಬುದು ಇದೇ ಅಧ್ಯಯನದ ಮಾತು. ಟೋಕನ್ ಹಿಡಿದು ಕೂತು, ಮೂರು ನಿಮಿಷದಲ್ಲಿ ಎದ್ದು ಬರಬೇಕಾದಲ್ಲಿ ತಲೆಭಾರವನ್ನು ಹೇಳಬಹುದು, ಗಂಡನ ಕುಡಿತವನ್ನು ಹೇಳಲಾಗದು. ನಮ್ಮ ಹೆಂಗಸರ ದೂರನ್ನು ‘ಎಲ್ಲ ಮನಸ್ಸಿನದು’ ಎಂದು ಒಂದು ಬಿ ಕಾಂಪ್ಲೆಕ್ಸ್ ಬರೆದು ಕಳಿಸುವುದು ಕ್ರೂರ, ವಿಜ್ಞಾನದ ದೃಷ್ಟಿಯಿಂದಲೂ ತಪ್ಪು. ಖಿನ್ನತೆಯಲ್ಲಿ ನಿದ್ದೆ ಕೆಡುತ್ತದೆ, ಸ್ನಾಯು ಬಿಗಿಯುತ್ತದೆ, ಕಾವಲು ಎಚ್ಚರದಲ್ಲೇ ಇರುತ್ತದೆ. ಮೈಕೈ ನೋವು ಖಿನ್ನತೆಯದೇ ಒಂದು ಭಾಗ.

ಕಳವಳಕ್ಕೂ ಒಂದು ಉಪಯೋಗವಿದೆ. ಬ್ರಿಟನ್ನಿನ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಕ್ಯಾಥರೀನ್ ಗೇಲ್ ಮತ್ತಿತರರು 2017ರಲ್ಲಿ ಪರಿಶೀಲಿಸಿದಾಗ, ತಮ್ಮ ಆರೋಗ್ಯದ ಬಗ್ಗೆ ಒಂದೇ ಬಗೆಯ ಅಭಿಪ್ರಾಯ ಇರುವವರಲ್ಲಿ ಕಳವಳದ ಸ್ವಭಾವ ಹೆಚ್ಚಿರುವವರ ಸಾವಿನ ಪ್ರಮಾಣ ತುಸು ಕಡಿಮೆಯೇ ಇತ್ತು. ಬೇಗ ವೈದ್ಯರ ಬಳಿ ಹೋಗುವುದು ಇದಕ್ಕೊಂದು ಕಾರಣ ಇರಬಹುದೆಂದು ಅವರ ಅಂದಾಜು.

ಅಜ್ಜನ ಮಾಳ

ವಯಸ್ಸಾದಂತೆ ಕಾವಲುಗಾರನ ಕಿವಿಯೇ ಮಂದವಾಗುತ್ತದೆ. ನಾಡಿ ಮುಟ್ಟದೆ ತನ್ನ ಎದೆಬಡಿತವನ್ನು ಗುರುತಿಸುವ ಶಕ್ತಿ ವಯಸ್ಸಿನೊಂದಿಗೆ ಕುಗ್ಗುತ್ತದೆಂದು 2009ರ ಒಂದು ಅಧ್ಯಯನ ತೋರಿಸಿತು. ಸೋಂಕು ತಗುಲಿದರೂ ವೃದ್ಧರಿಗೆ ಜ್ವರ ಏರದಿರಬಹುದು. ಹೃದಯಾಘಾತವಾದಾಗ ಎದೆನೋವೇ ಇಲ್ಲದೆ ಬರೀ ಉಸಿರುಗಟ್ಟುವಿಕೆ, ನಿತ್ರಾಣ, ಗೊಂದಲ ಮಾತ್ರ ಕಾಣಬಹುದು. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು.

ಸಂಕೇತ ಕ್ಷೀಣಿಸಿದಾಗ ಊಹೆಯ ತೂಕ ಹೆಚ್ಚುತ್ತದೆ. ವೃದ್ಧರಲ್ಲಿ ಆ ಊಹೆ ಹೆಚ್ಚಾಗಿ ‘ವಯಸ್ಸಾಯ್ತಲ್ಲ’ ಎಂಬುದೇ. ಹೊವರ್ಡ್ ಲೆವೆಂತಾಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದಂತೆ, ನಿಧಾನವಾಗಿ ಬರುವ, ತೀವ್ರವಲ್ಲದ ತೊಂದರೆಗಳನ್ನು ಹಿರಿಯರು ವಯಸ್ಸಿನ ಖಾತೆಗೆ ಹಾಕಿ ಸುಮ್ಮನಾಗುತ್ತಾರೆ. ಇದರ ಜೊತೆಗೆ ಮನಸ್ಸೂ ತಿಳಿಯಾಗಿರುತ್ತದೆ. ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟೆನ್ಸನ್ ದಶಕಗಳ ಕಾಲ ಅಧ್ಯಯನ ಮಾಡಿ ಹೇಳಿದ್ದು: ಯೌವನದವರಿಗಿಂತ ವೃದ್ಧರ ದಿನಗಳಲ್ಲಿ ಸಿಟ್ಟು, ಆತಂಕ ಕಡಿಮೆ. ಉಳಿದ ಕಾಲ ಸ್ವಲ್ಪವೇ ಎಂಬ ಅರಿವಿನಿಂದ ಅವರು ಮುಖ್ಯವಾದವರ, ಹಿತವಾದುದರ ಕಡೆ ಮನಸ್ಸು ಕೊಡುತ್ತಾರೆ. ಆದ್ದರಿಂದ ಅಜ್ಜನ ‘ಆರಾಮಾಗಿದ್ದೀನಿ’ ಸುಳ್ಳಲ್ಲ. ಅದನ್ನು ಆರೋಗ್ಯದ ರಿಪೋರ್ಟ್ ಎಂದು ಓದಬಾರದು, ಅಷ್ಟೇ. ಎಂದೂ ಏನೂ ಹೇಳದ ಅಜ್ಜ ಎರಡು ದಿನದಿಂದ ಅಂಗಳ ದಾಟಿಲ್ಲ, ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಾರೆ ಎಂದರೆ ಅದೇ ಅವರ ದೂರು.

ಇದಕ್ಕೆ ಉಲ್ಟಾ ಸಂಗತಿಯೂ ಇದೆ. ಮೊದಲು ಹೀಗಿರದಿದ್ದ ಹಿರಿಯರು ಎಪ್ಪತ್ತರ ನಂತರ ದಿನಕ್ಕೊಂದು ನೋವು ಹೇಳತೊಡಗಿದರೆ ಅದನ್ನು ಮುದಿತನದ ಗೊಣಗಾಟ ಎಂದುಕೊಳ್ಳುವುದು ಅಪಾಯ. ಸ್ವಭಾವ ಆ ವಯಸ್ಸಿನಲ್ಲಿ ಹೀಗೆ ದಿಢೀರನೆ ಹೊರಳುವುದಿಲ್ಲ. ಹೊಸ ರೋಗವೋ, ಖಿನ್ನತೆಯೋ, ಎರಡೂ ಸೇರಿಯೋ ಇರಬೇಕು. ವೃದ್ಧರ ಖಿನ್ನತೆಯಲ್ಲಿ ಅಳು, ಬೇಸರದ ಮಾತು ಕಡಿಮೆ. ಮಲಬದ್ಧತೆ, ನಿದ್ದೆಗೇಡು, ಮೈನೋವೇ ಮುಂದೆ.

ಊಹೆಯನ್ನು ತಿದ್ದುವುದು

ಊಹೆ ಕಲಿತದ್ದಾದರೆ ಅದನ್ನು ಮರೆಸಲೂ ಸಾಧ್ಯವಿರಬೇಕು. ಅಮೆರಿಕದ ಬೌಲ್ಡರ್‌ನಲ್ಲಿ ಯೋನಿ ಆಶರ್, ಟಾರ್ ವೇಗರ್ ಮತ್ತಿತರರು 21ರಿಂದ 70 ವರ್ಷದ 151 ಬೆನ್ನುನೋವಿನವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲು ವೈದ್ಯರೊಡನೆ ಒಂದು ಭೇಟಿ: ಬೆನ್ನಿನ ಸ್ಥಿತಿ ವಿಚಾರಿಸಿ, ಈ ನೋವಿನಲ್ಲಿ ಮಿದುಳಿನ ಪಾತ್ರವೇನು ಎಂದು ಬಿಡಿಸಿ ಹೇಳಿದರು. ಆಮೇಲೆ ನಾಲ್ಕು ವಾರಗಳಲ್ಲಿ ಎಂಟು ಬಾರಿ ಚಿಕಿತ್ಸಕರೊಡನೆ ಒಂದೊಂದು ಗಂಟೆ. ಅಲ್ಲಿ ರೋಗಿ ಕೂತಲ್ಲೇ ಬೆನ್ನಿನ ನೋವನ್ನು ಗಮನಿಸಬೇಕು. ಅದು ಬಿಸಿಯೋ, ಬಿಗಿತವೋ, ಸರಿದಾಡುತ್ತದೆಯೋ ಎಂದು ಭಯವಿಲ್ಲದೆ ನೋಡುತ್ತಿರಬೇಕು. ಮಾಡಲು ಹೆದರುತ್ತಿದ್ದ ಚಲನೆಗಳನ್ನು ಮೆಲ್ಲಗೆ ಮಾಡಬೇಕು. ಬಾಳಿನಲ್ಲಿ ಕಾಡುತ್ತಿರುವ ಬೇರೆ ಸಂಕಟಗಳನ್ನೂ ಮಾತಾಡಬೇಕು. ಇನ್ನೊಂದು ಗುಂಪಿಗೆ ಬೆನ್ನಿಗೆ ಲವಣಯುಕ್ತ ನೀರಿನ ಚುಚ್ಚುಮದ್ದು, ಅದರಲ್ಲಿ ಔಷಧ ಇಲ್ಲವೆಂದು ಹೇಳಿಯೇ ಕೊಟ್ಟದ್ದು. ಮೂರನೆಯ ಗುಂಪಿಗೆ ಎಂದಿನ ಚಿಕಿತ್ಸೆ.

ಚಿಕಿತ್ಸೆ ಮುಗಿದಾಗ ನೋವು ಪೂರ್ತಿ ಅಥವಾ ಬಹುತೇಕ ಹೋಗಿದ್ದವರು ಮೊದಲ ಗುಂಪಿನಲ್ಲಿ ಶೇ 66, ಎರಡನೆಯದರಲ್ಲಿ ಶೇ 20, ಮೂರನೆಯದರಲ್ಲಿ ಶೇ 10. ಮಿದುಳಿನ ಚಿತ್ರ ತೆಗೆಯುತ್ತಲೇ ಬೆನ್ನು ನೋಯುವಂತೆ ಮಾಡಿ ನೋಡಿದಾಗ ಮೊದಲ ಗುಂಪಿನವರಲ್ಲಿ ಇನ್ಸುಲಾದ ಮುಂಭಾಗದ ಚಟುವಟಿಕೆ ಇಳಿದಿತ್ತು. ಒಂದು ವರ್ಷದ ಮೇಲೆ ವಿಚಾರಿಸಿದಾಗಲೂ ಗುಣ ಬಹುಮಟ್ಟಿಗೆ ಉಳಿದಿತ್ತು. ಇದೇ ಚಿಕಿತ್ಸೆ ಎಲ್ಲ ನೋವಿಗೂ ಆಗುತ್ತದೆಂದು ಹೇಳಲು ಆಗದು. ಅಲ್ಲಿದ್ದವರು ಹೆಚ್ಚಿನವರು ಓದಿದವರು, ಓಡಾಡಿಕೊಂಡಿದ್ದವರು, ನೋವು ಮಧ್ಯಮ ಮಟ್ಟದ್ದು. ಬೆನ್ನಿಗಿಂತ ಕಾಲೇ ಹೆಚ್ಚು ನೋಯುವವರನ್ನು ಆರಂಭದಲ್ಲೇ ಬಿಟ್ಟಿದ್ದರು, ಏಕೆಂದರೆ ಅಂಥ ನೋವಿನಲ್ಲಿ ನರ ಎಲ್ಲೋ ಒತ್ತಿಕೊಂಡಿರುವ ಸಂಭವ ಹೆಚ್ಚು, ಮತ್ತು ಅದಕ್ಕೆ ಬೇಕಾದ ಚಿಕಿತ್ಸೆ ಬೇರೆ.